ಅಳಿಯನ ಆಟ ಕಲಿತ ದಲ್ಲಾಳಿ

ಈ ವರ್ಷ ಜನವರಿ ಕೊನೆಯ ಬುಧವಾರ ಬೆಳಿಗ್ಗೆ ಏಳು ಗಂಟೆಗೆ ನ್ಯಾಮತಿಯ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಎಪ್ಪತ್ತೊಂದು ವರ್ಷ ವಯಸ್ಸಾಗಿತ್ತು. ದನದ ವ್ಯಾಪಾರದಲ್ಲಿ ದಲ್ಲಾಳಿಯಾಗಿದ್ದರು. ಮಾರನೆಯ ದಿನ ನಮ್ಮ ಪತ್ರಿಕೆಯ ನಿಧನ ವಾರ್ತೆಯಲ್ಲಿ ನಾಲ್ಕು ಸಾಲು ಬಂತು. ಬರೆದವನು ನಾನೇ. ಮಗಳು, ಅಳಿಯ ಇದ್ದಾರೆ, ಅಂತ್ಯಕ್ರಿಯೆ ಊರಿನ ರುದ್ರಭೂಮಿಯಲ್ಲಿ ನಡೆಯಿತು ಎಂಬಲ್ಲಿಗೆ ಅದು ಮುಗಿದಿತ್ತು. ಅರವತ್ತೆಂಟನೆಯ ವಯಸ್ಸಿನಲ್ಲಿ ಅವರು ಕ್ಯಾಸಿನೊದಲ್ಲಿ ಆಡುವ ಇಪ್ಪತ್ತೊಂದರ ಆಟ ಕಲಿತಿದ್ದರು ಎಂಬುದು ನಿಧನ ವಾರ್ತೆಗೆ ಸೇರುವ ವಿಷಯವಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಲಿಸಿದವನು ನಾನು. ಕಲಿಸಿದ್ದರಲ್ಲಿ ಒಂದು ತಪ್ಪಿತ್ತು.

ಹೆಸರು ಹಾಕುತ್ತಿಲ್ಲ. ಬದುಕಿದ್ದಾಗಲೂ ಹಾಕಲು ಬಿಟ್ಟವರಲ್ಲ. "ಸಂತೆ ಸುದ್ದಿ ಎಷ್ಟಾದ್ರೂ ಬರಕಳ್ರಿ ಸಾಹೇಬ್ರೆ, ನನ್ ಹೆಸ್ರು ಬ್ಯಾಡ. ಹೆಸ್ರು ಬಂತು ಅಂದ್ರೆ ರೇಟು ಏರ್ಸಿದ್ದೇ ನಾನು ಅಂತಾರೆ" ಎನ್ನುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದು ಸಾಹೇಬ್ರೆ ಎಂದು. ನಾನು ಹೊನ್ನಾಳಿಯ ವರದಿಗಾರ. ಬಸ್ ನಿಲ್ದಾಣದ ಎದುರು ಮಹಡಿಯ ಮೇಲೆ ನಮ್ಮ ಕಚೇರಿ ಇದೆ. ದನದ ಸಂತೆಯ ದಿನ ಧಾರಣೆ ಕೇಳಲು ನಾನೇ ಅವರ ಬಳಿ ಹೋಗುತ್ತಿದ್ದೆ. ನಾಲ್ಕೈದು ವರ್ಷ ಕಳೆದ ಮೇಲೆ ಅವರೇ ಮೆಟ್ಟಿಲು ಹತ್ತಿ ಬರತೊಡಗಿದರು.

ಬಂದವರು ಮೊದಲು ಅಂದಿನ ಪತ್ರಿಕೆ ತೆಗೆದುಕೊಂಡು ನಿಧನ ವಾರ್ತೆ ಓದುತ್ತಿದ್ದರು. ಒಮ್ಮೆ ಕಾರಣ ಕೇಳಿದೆ.

"ಯಾರ್ ಮನೆ ದನ ಮಾರಾಟಕ್ಕೆ ಬರ್ತಾವೆ ಅಂತ ಇಲ್ಲೇ ಗೊತ್ತಾಗೋದು. ಯಜಮಾನ ಹೋದ ಮನೆಯಾಗೆ ಎತ್ತು ಆರು ತಿಂಗಳು ನಿಲ್ಲಲ್ಲ" ಎಂದರು. ಹೇಳುವಾಗ ದನಿಯಲ್ಲಿ ಏರಿಳಿತವಿರಲಿಲ್ಲ. ಚಹಾವನ್ನು ಸಾಸರಿಗೆ ಸುರಿದುಕೊಂಡು ಕುಡಿದರು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲನ್ನು ತನ್ನ ಕೈಗೂ ಕೊಳ್ಳುವವನ ಕೈಗೂ ಸೇರಿಸಿ ಹೊದಿಸುತ್ತಾನೆ. ಒಳಗೆ ಬೆರಳು ಹಿಡಿದು ಬೆಲೆ ಕೇಳುತ್ತಾನೆ. ಆಮೇಲೆ ಅದೇ ರೀತಿ ಮಾರುವವನ ಬೆರಳು ಹಿಡಿಯುತ್ತಾನೆ. ಸುತ್ತ ಎಷ್ಟು ಜನ ನಿಂತಿದ್ದರೂ ಮೂವರ ಹೊರತು ಬೇರೆಯವರಿಗೆ ತಿಳಿಯುವುದಿಲ್ಲ. ಈ ಕೆಲಸ ಮಾಡುವಾಗ ಅವರು ಟವೆಲಿನ ಕಡೆ ನೋಡುತ್ತಿರಲಿಲ್ಲ. ಕಣ್ಣು ಎದುರಿನವನ ಮುಖದ ಮೇಲಿರುತ್ತಿತ್ತು. "ಬೆರಳು ಸುಳ್ಳು ಹೇಳ್ತೈತೆ, ಕೆನ್ನೆ ಹೇಳಲ್ಲ" ಎನ್ನುವುದು ಅವರ ಮಾತು. ನಾನು ಕಂಡಂತೆ ಅವರ ಅಂದಾಜು ತಪ್ಪಿದ್ದು ಕಡಿಮೆ. ಜಗಳೂರು ಕಡೆಯ ರೈತರು, ಚನ್ನಗಿರಿ ಕಡೆಯ ರೈತರು ಇಬ್ಬರೂ ಅವರು ಹೇಳಿದ ಬೆಲೆಗೆ ಒಪ್ಪುತ್ತಿದ್ದರು.

ಅವರು ಹಲ್ಲು ನೋಡದ ಎತ್ತಿನ ಬಗ್ಗೆ ಮಾತು ಕೊಡುತ್ತಿರಲಿಲ್ಲ. ದನದ ವಯಸ್ಸು ತಿಳಿಯುವುದು ಹಲ್ಲಿನಿಂದ. ಒಮ್ಮೆ ಬಿಳಿಚೋಡಿನಿಂದ ಬಂದಿದ್ದ ಒಂದು ಎತ್ತನ್ನು ಸವಳಂಗದ ರೈತರೊಬ್ಬರು ಮೆಚ್ಚಿದರು. ಸಂತೆಯ ಗಲಾಟೆಗೆ ಬೆದರಿದ್ದ ಎತ್ತು ಬಾಯಿ ಬಿಡಲಿಲ್ಲ. ಇಬ್ಬರು ಹಿಡಿದರೂ ಆಗಲಿಲ್ಲ. ಮಾರುವವನು ನಾಲ್ಕು ಹಲ್ಲು, ಎಳೆಯ ಎತ್ತು ಎಂದು ಆಣೆ ಇಟ್ಟ. ಕೊಳ್ಳುವವರು "ಇರ್ಲಿ ಬಿಡ್ರಿ, ನನ್ಗೆ ಒಪ್ಗೆ ಐತೆ" ಎಂದರು. ಇವರು ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತುಬಿಟ್ಟರು. "ನಿಮ್ಗೆ ಒಪ್ಗೆ ಐತೆ, ನನ್ಗೆ ಗೊತ್ತಿಲ್ಲ" ಎಂದರು. ಅಂದಿನ ವ್ಯಾಪಾರ ಮುರಿಯಿತು. ಮಾರನೆಯ ದಿನ ತಮ್ಮ ಖರ್ಚಿನಲ್ಲಿ ಬಸ್ಸು ಹತ್ತಿ ಬಿಳಿಚೋಡಿಗೆ ಹೋಗಿ, ಕೊಟ್ಟಿಗೆಯಲ್ಲಿ ಶಾಂತವಾಗಿ ನಿಂತಿದ್ದ ಎತ್ತಿನ ಬಾಯಿ ಬಿಡಿಸಿ ನೋಡಿದರು. ನಾಲ್ಕೇ ಹಲ್ಲು. ಆಮೇಲೆ ಮಾತು ಕೊಟ್ಟರು. ಸವಳಂಗದ ರೈತರು ಇದನ್ನು ಈಗಲೂ ನಗುತ್ತ ಹೇಳುತ್ತಾರೆ.

ಅವರಿಗೆ ಒಬ್ಬಳೇ ಮಗಳು. ಚನ್ನಗಿರಿಗೆ ಕೊಟ್ಟಿದ್ದರು. ಅಳಿಯನದು ಅಡಿಕೆ ವ್ಯಾಪಾರ. ಕುಡಿತವಿಲ್ಲ, ಬೀಡಿ ಸಿಗರೇಟಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ತಿಂಗಳಿಗೊಮ್ಮೆ ಗೋವಾಕ್ಕೆ ಹೋಗುತ್ತಿದ್ದ. ಮೊದಲು ಸ್ನೇಹಿತರ ಜೊತೆ ಹೋದವನು ನಂತರ ಒಬ್ಬನೇ ಹೋಗತೊಡಗಿದ. ಅಲ್ಲಿ ಹಡಗಿನಲ್ಲಿರುವ ಕ್ಯಾಸಿನೊದಲ್ಲಿ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಿನ ಆಟಕ್ಕೆ ಕೂರುತ್ತಿದ್ದ. ನಮ್ಮ ಕಡೆ ಅದನ್ನು ಇಪ್ಪತ್ತೊಂದು ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಅವರ ಹೆಂಡತಿ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಅಳಿಯ ಬರಲಿಲ್ಲ. ಹಿಂದಿನ ದಿನ ಗೋವಾಕ್ಕೆ ಹೋಗಿ ಬರುತ್ತೇನೆ ಎಂದು ಹೊರಟವನು ಕಾರ್ಯದ ದಿನ ಮಧ್ಯಾಹ್ನದವರೆಗೂ ಮೇಜಿನ ಮುಂದೆ ಕೂತಿದ್ದ. ಫೋನು ಆಫ್ ಆಗಿತ್ತು. ಪಂಕ್ತಿಯಲ್ಲಿ ಕೂತ ನೆಂಟರು ಅಳಿಯಂದ್ರು ಎಲ್ಲಿ ಎಂದು ಕೇಳಿದಾಗ ಮಗಳು "ಬರ್ತಾ ಐದಾರೆ" ಎಂದು ಉತ್ತರ ಕೊಡುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಆತ ಬಂದದ್ದು ಕಾರ್ಯವಾದ ಮೂರನೆಯ ದಿನ. ಮಗಳು ಅವನ ಜೊತೆ ವಾಪಸು ಹೋಗಲಿಲ್ಲ.

ಎರಡೂ ಕಡೆಯ ಹಿರಿಯರು ಬಂದು ಮಾತಾಡಿದರು. ಅವಳು ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. "ಅಪ್ಪಾಜಿ ಹೋಗು ಅಂದ್ರೆ ಹೋಗ್ತೀನಿ. ಬ್ಯಾರೆ ಯಾರ್ ಹೇಳಿದ್ರೂ ಇಲ್ಲ."

ಅದಾಗಿ ಒಂದು ತಿಂಗಳಿಗೆ ಅವರು ಕಚೇರಿಗೆ ಬಂದರು. ಅಂದು ನಿಧನ ವಾರ್ತೆ ಓದಲಿಲ್ಲ.

"ಸಾಹೇಬ್ರೆ, ಗೋವಾದಾಗೆ ಆಡ್ತಾರಲ್ಲ ಇಪ್ಪತ್ತೊಂದು, ಅದು ನಿಮ್ಗೆ ಬರ್ತೈತಾ?"

"ಇಲ್ಲ."

"ಕಲಿಯಾಕೆ ಎಷ್ಟು ದಿನ ಬೇಕು?"

"ನಿಮ್ಗ್ಯಾಕೆ ಯಜಮಾನ್ರೇ ಅದು?"

"ಮಗಳು ನನ್ ಮಾತಿಗೆ ಕಾಯ್ತಾ ಕುಂತಾಳೆ. ಆ ಆಟ ಮನುಷ್ಯನ್ನ ಬಿಡೋ ಅಂಥದೋ, ಬಿಡದೇ ಇರೋ ಅಂಥದೋ ನನ್ಗೆ ಗೊತ್ತಿಲ್ಲ. ಗೊತ್ತಿಲ್ದೆ ಹೋಗು ಅನ್ನಾಕೂ ಆಗಲ್ಲ, ಇರು ಅನ್ನಾಕೂ ಆಗಲ್ಲ."

"ಅಳಿಯಂದ್ರನ್ನೇ ಕೇಳ್ಬೋದಲ್ಲ?"

"ಮಾರೋನ್ನ ಹಲ್ಲು ಎಷ್ಟು ಅಂತ ಯಾರಾದ್ರೂ ಕೇಳ್ತಾರಾ?"

ಒಂದು ಸುದ್ದಿಯನ್ನು ಎರಡು ಮೂಲಗಳಿಂದ ಖಚಿತಪಡಿಸಿಕೊಳ್ಳದೆ ಬರೆಯಬಾರದು ಎಂದು ನಮಗೆ ಕಲಿಸಿದ್ದಾರೆ. ಆಟದ ವಿಷಯದಲ್ಲಿ ನಾನು ಒಂದೇ ಮೂಲ ನಂಬಿದೆ. ಫೋನಿನಲ್ಲಿ ಒಂದು ವಿಡಿಯೊ ಹುಡುಕಿ ಎರಡು ಸಲ ನೋಡಿದೆ. ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಮುಂದಿನ ಸಂತೆಯ ದಿನ ಅವರು ಹೊಸ ಇಸ್ಪೀಟ್ ಕಟ್ಟು ತಂದರು. ಕಚೇರಿಯ ಮೇಜಿನ ಮೇಲೆ, ದುಡ್ಡಿನ ಬದಲು ಜೆಮ್ ಕ್ಲಿಪ್ಪುಗಳನ್ನು ಇಟ್ಟುಕೊಂಡು ಶುರು ಮಾಡಿದೆವು.

"ಬಾಗಿಲು ಹಾಕ್ರಿ. ಪೊಲೀಸ್ನೋರು ಬಂದ್ರೆ ನಾಳೆ ನಿಮ್ ಪೇಪರ್ನಾಗೆ ನಿಮ್ದೇ ಸುದ್ದಿ ಬರ್ತೈತೆ" ಎಂದರು. ಜೂಜಾಟ, ಇಂತಿಷ್ಟು ಮಂದಿ ಬಂಧನ ಎಂಬ ಸುದ್ದಿಯನ್ನು ನಾನು ಆಗಾಗ ಬರೆಯುತ್ತಿದ್ದೆ. ಬಾಗಿಲು ಹಾಕಲಿಲ್ಲ.

ಯುಗಾದಿಯ ದಿನಗಳಲ್ಲಿ ಊರೂರಿನ ಜಗಲಿಗಳಲ್ಲಿ ಆಡುವ ಅಂದರ್ ಬಾಹರ್, ಮೂರೆಲೆ ಅವರಿಗೆ ಗೊತ್ತಿತ್ತು. ಇದು ಬೇರೆ. ಆಟಗಾರನಿಗೆ ಎರಡು ಎಲೆ, ಹಂಚುವವನಿಗೆ ಎರಡು ಎಲೆ. ಎಲೆಗಳ ಮೊತ್ತ ಇಪ್ಪತ್ತೊಂದಕ್ಕೆ ಹತ್ತಿರ ಬರಬೇಕು, ದಾಟಬಾರದು. ಬೇಕೆಂದರೆ ಇನ್ನೊಂದು ಎಲೆ ಕೇಳಬಹುದು, ಸಾಕೆಂದರೆ ನಿಲ್ಲಬಹುದು. ದಾಟಿದವನು ಸೋತ. ಇಬ್ಬರೂ ದಾಟದಿದ್ದರೆ ಹೆಚ್ಚು ಇದ್ದವನು ಗೆದ್ದ. ರಾಜ, ರಾಣಿ, ಗುಲಾಮ ಮೂರಕ್ಕೂ ಹತ್ತೇ ಲೆಕ್ಕ ಎಂದಾಗ ಅವರು ಎಲೆ ಕೆಳಗಿಟ್ಟರು.

"ರಾಜಂಗೂ ಗುಲಾಮಂಗೂ ಒಂದೇ ರೇಟಾ? ಇದೆಂಥ ಸಂತೆ?"

ಎಕ್ಕವನ್ನು, ಅಂದರೆ ಏಸ್ ಎಲೆಯನ್ನು, ಒಂದು ಎಂದಾದರೂ ಹನ್ನೊಂದು ಎಂದಾದರೂ ಎಣಿಸಬಹುದು ಎಂದೆ. ಸ್ವಲ್ಪ ಯೋಚಿಸಿದರು. "ಬೀಗರು ಇದ್ದಂಗೆ. ಎದುರಿಗೆ ಕುಂತಾಗ ದೊಡ್ಡೋರು, ಅತ್ಲಾಗೆ ಹೋದ ಮ್ಯಾಲೆ ಸಣ್ಣೋರು."

ವಿಡಿಯೊದಲ್ಲಿ ಕಂಡಂತೆ ಹಂಚುವವನಾಗಿ ನಾನು ನನ್ನ ಒಂದು ಎಲೆಯನ್ನು ಬಿಚ್ಚಿಡುತ್ತಿದ್ದೆ. ಇನ್ನೊಂದನ್ನು ಮಗುಚಿಡುತ್ತಿದ್ದೆ. ಮಗುಚಿದ ಎಲೆಯ ಅಂಚನ್ನು ಎತ್ತಿ ನಾನು ನೋಡಿಕೊಳ್ಳುತ್ತಿದ್ದೆ. ಅವರು ನನ್ನ ಮುಖ ನೋಡುತ್ತಿದ್ದರು. ಮೂರನೆಯ ಸಂತೆಯ ಹೊತ್ತಿಗೆ ಮಗುಚಿದ ಎಲೆ ದೊಡ್ಡದೋ ಸಣ್ಣದೋ ಎಂದು ಅವರು ಹೇಳಿಬಿಡುತ್ತಿದ್ದರು. ಹೆಚ್ಚಿನ ಸಲ ಸರಿಯಾಗಿರುತ್ತಿತ್ತು.

"ಹೆಂಗೆ ಗೊತ್ತಾಗ್ತೈತೆ?"

"ದೊಡ್ಡದಿದ್ರೆ ನೀವು ಉಸಿರು ಹಿಡೀತೀರಿ. ಸಣ್ಣದಿದ್ರೆ ಕನ್ನಡಕ ಮುಟ್ಕಳ್ತೀರಿ."

ಒಂದು ಡಬ್ಬಿ ಕ್ಲಿಪ್ಪು ಅವರ ಕಡೆಗೆ ಹೋಯಿತು. ಐದನೆಯ ಸಂತೆಯ ದಿನ ಅವರು ಎಲೆಗಳನ್ನು ಕಟ್ಟಿ ಜೇಬಿಗೆ ಹಾಕಿಕೊಂಡು ಹೇಳಿದರು. "ಈ ಆಟ ನನ್ಗೆ ತಿಳೀತು ಸಾಹೇಬ್ರೆ. ಇದು ನಮ್ ಕಸುಬೇ. ಅಳಿಯಂಗೆ ಮುಖ ಓದಾಕೆ ಬರಲ್ಲ, ಅದ್ಕೇ ಸಿಕ್ಕಾಕ್ಕಂಡಾನೆ. ಒಂದ್ಸಲ ಹೋಗಿ ಕಣ್ಣಾರೆ ನೋಡಿ ಬಂದು ಮಗಳಿಗೆ ಮಾತು ಕೊಡ್ತೀನಿ."

ನಾನು ತಡೆಯಲಿಲ್ಲ. ಅಳಿಯನಿಗೆ ತಾವೇ ಫೋನು ಮಾಡಿ, ತಮ್ಮನ್ನೂ ಕರೆದುಕೊಂಡು ಹೋಗಬೇಕು ಎಂದರು. ಮಾವ, ಅಳಿಯ ಇಬ್ಬರೂ ಹೋದರು.

ಮುಂದಿನದು ನಾನು ಕಂಡದ್ದಲ್ಲ. ವಾಪಸು ಬಂದ ನಾಲ್ಕನೆಯ ದಿನ ಕಚೇರಿಯಲ್ಲಿ ಅವರು ಹೇಳಿದ್ದು. ಅಳಿಯನನ್ನು ಆಮೇಲೆ ಕೇಳಿದಾಗ ಅವನೂ ಹೌದು ಎಂದಿದ್ದಾನೆ.

ಪಂಚೆ ಉಟ್ಟು ಟವೆಲ್ ಹಾಕಿಕೊಂಡು ಹೋದವರಿಗೆ ಅಳಿಯ ತನ್ನ ಪ್ಯಾಂಟ್ ಕೊಟ್ಟ. ಜೀವನದಲ್ಲಿ ಮೊದಲ ಸಲ ಪ್ಯಾಂಟ್ ಹಾಕಿದ್ದರು. ಟವೆಲನ್ನು ಲಾಡ್ಜಿನ ಕೋಣೆಯಲ್ಲೇ ಬಿಡಿಸಿದ. ದೋಣಿಯಲ್ಲಿ ಹೋಗಿ ಹಡಗು ಹತ್ತಿದರು. ಬೆಳಿಗ್ಗೆ ಹನ್ನೊಂದಕ್ಕೆ ಮೇಜಿನ ಮುಂದೆ ಕೂತರು. ಹಂಚುತ್ತಿದ್ದವಳು ಮಣಿಪುರದ ಹುಡುಗಿ.

"ಯಾವೂರವ್ವ ಅಂತ ಅಳಿಯನ ಕೈಲಿ ಕೇಳ್ಸಿದೆ. ನಕ್ಕು ಹೇಳಿದ್ಲು. ಎಲ್ರಿಗೂ ಅದೇ ನಗು."

"ಮಗುಚಿದ ಎಲೆ ಓದಿದ್ರಾ?" ಎಂದೆ.

ಅವರು ಚಹಾದ ಲೋಟ ಕೆಳಗಿಟ್ಟರು. "ಮಗುಚಿದ ಎಲೆನೇ ಇಲ್ಲ ಸಾಹೇಬ್ರೆ."

ಆ ಮೇಜಿನಲ್ಲಿ ಹಂಚುವವಳು ತನಗೆ ಒಂದೇ ಎಲೆ ತೆಗೆದುಕೊಳ್ಳುತ್ತಿದ್ದಳು. ಅದನ್ನು ಎಲ್ಲರಿಗೂ ಕಾಣುವಂತೆ ಬಿಚ್ಚಿಡುತ್ತಿದ್ದಳು. ಎರಡನೆಯ ಎಲೆ ತೆಗೆಯುತ್ತಿದ್ದುದು ಆಟಗಾರರೆಲ್ಲ ಸಾಕು ಎಂದ ಮೇಲೆ. ಅಲ್ಲಿಯವರೆಗೆ ಅದು ಕಟ್ಟಿನೊಳಗೇ ಇರುತ್ತಿತ್ತು. ಜೊತೆಗೆ ಅವಳಿಗೆ ಆಯ್ಕೆಯೂ ಇರಲಿಲ್ಲ. ಹದಿನಾರರವರೆಗೆ ಎಲೆ ತೆಗೆಯಲೇಬೇಕು, ಹದಿನೇಳಾದರೆ ನಿಲ್ಲಲೇಬೇಕು. ಈ ಎರಡನೆಯ ನಿಯಮ ನನ್ನ ಹಾಳೆಯಲ್ಲಿ ಇತ್ತು. ಮೊದಲನೆಯದು ಇರಲಿಲ್ಲ. ಎಲ್ಲ ಕಡೆ ಆಟ ಒಂದೇ ರೀತಿ ನಡೆಯುವುದಿಲ್ಲ ಎಂಬುದನ್ನು ನಾನು ವಿಚಾರಿಸಿರಲಿಲ್ಲ.

"ಅವಳಿಗೇ ಗೊತ್ತಿಲ್ಲ ಅಂದ್ಮೇಲೆ ಮುಖದಾಗೆ ಏನಿರ್ತೈತೆ?" ಎಂದೆ.

"ಏನೂ ಇರಲ್ಲ."

"ಹಂಗಾರೆ ಎದ್ದು ಬಂದ್ರಾ?"

"ಇಲ್ಲ. ಓದ್ತಾ ಕುಂತೆ."

ಆಮೇಲೆ ತಾವಾಗಿಯೇ ಮುಂದುವರಿಸಿದರು. "ಓದಾಕೆ ಏನೂ ಇಲ್ಲ ಅಂತ ಹತ್ತು ನಿಮಿಷಕ್ಕೇ ತಿಳೀತು. ಆದ್ರೂ ಕಣ್ಣು ಕೇಳಲಿಲ್ಲ. ಅವಳು ತಲೆ ಓರೆ ಮಾಡಿದ್ರೆ ಇದು ದೊಡ್ಡದು ಅನ್ಸೋದು. ಒಂದ್ಸಲ ಹೌದಾಗ್ತಿತ್ತು. ಹೌದಾದಾಗ ನೋಡಿದ್ಯಾ, ನಾನು ಹೇಳ್ಲಿಲ್ವಾ ಅನ್ಸೋದು. ಮೂರು ಗಂಟೆಯಾತಂತೆ. ಊಟ ಮಾಡಿರ್ಲಿಲ್ಲ, ಬೀಪಿ ಮಾತ್ರೆ ತಗಂಡಿರ್ಲಿಲ್ಲ. ಅಳಿಯ ಬಂದು ತೋಳು ಹಿಡ್ದು ಏಳ್ರಿ ಮಾವ ಅಂದ. ಇದೊಂದು ಕೈ ಅಂದೆ. ನಾನು ಹಂಗೆ ನಾಲ್ಕು ಸಲ ಅಂದೆನಂತೆ. ನನ್ಗೆ ಒಂದ್ಸಲ ಅಂದಿದ್ದೇ ನೆನಪು."

"ಗೆದ್ರಾ, ಸೋತ್ರಾ?"

"ಅದಲ್ಲ ಸಾಹೇಬ್ರೆ ವಿಷಯ. ನಾನೇ ಏಳಲಿಲ್ಲ. ಅಳಿಯ ಎಬ್ಬಿಸ್ಕಂಡು ಬಂದ."

ವಿಡಿಯೊ ನೋಡಿ ಕಲಿಸಿದ್ದು, ಮಗುಚಿದ ಎಲೆಯ ವಿಷಯ ಅಲ್ಲಿಗೆ ಹೊಂದುತ್ತದೋ ಇಲ್ಲವೋ ನೋಡದೆ ಹೇಳಿದ್ದು ನನ್ನ ತಪ್ಪು ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಬನ್ರಿ, ಮನೆಗೆ ಹೋಗಿ ಇದನ್ನ ಮಗಳಿಗೆ ಹೇಳಾನ. ನಾನೊಬ್ನೇ ಹೇಳಿದ್ರೆ ಅರ್ಧ ನುಂಗ್ತೀನಿ" ಎಂದರು. ನನ್ನ ಬೈಕಿನಲ್ಲಿ ನ್ಯಾಮತಿಗೆ ಹೋದೆವು.

ಮಗಳು ಹಿಂದಿನ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವರು ಎದುರು ಕೂತು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಪ್ಯಾಂಟಿನ ವಿಷಯಕ್ಕೆ ಅವಳು ನಕ್ಕಳು. ನಾಲ್ಕು ಸಲ ಇದೊಂದು ಕೈ ಎಂದದ್ದಕ್ಕೆ ನಗಲಿಲ್ಲ.

"ಈಗ ನನ್ ಮಾತು ಕೇಳಬ್ಯಾಡವ್ವ" ಎಂದರು ಅವರು. "ಹೋಗು ಅನ್ನಾಕೂ, ಬ್ಯಾಡ ಅನ್ನಾಕೂ ನನ್ಗೆ ಯೋಗ್ತಿ ಇಲ್ಲ. ಆ ಮೇಜಿನ ಮುಂದೆ ನಾನೂ ಅವನೂ ಒಂದೇ."

"ಒಂದೇ ಹೆಂಗಾಗ್ತೀರಿ ಅಪ್ಪಾಜಿ? ನಿಮ್ನ ಎಬ್ಬಿಸಾಕೆ ಅವ್ರಿದ್ರು. ಅವ್ವನ ಕಾರ್ಯದ ದಿನ ಅವ್ರನ್ನ ಎಬ್ಬಿಸಾಕೆ ಯಾರಿದ್ರು?"

ಅವಳು ಸಿಪ್ಪೆಯನ್ನು ಮೊರಕ್ಕೆ ತುಂಬಿ ಎದ್ದಳು.

"ಅವ್ರು ಅಲ್ಲಿ ಏನ್ ನೋಡ್ತಾ ಕೂರ್ತಾರೆ ಅಂತ ನನ್ಗೂ ಗೊತ್ತಾಗ್ಬೇಕು. ಕಲಿಸ್ರಿ" ಎಂದಳು. ನನ್ನ ಕಡೆ ತಿರುಗಿ, "ಈ ಸಲ ಸರಿಯಾಗಿ ಕಲಿಸ್ರಿ ಸರ್" ಎಂದಳು.

ತಂದೆ ಐದು ಸಂತೆಗಳಲ್ಲಿ ಕಲಿತದ್ದನ್ನು ಅವಳು ಎರಡು ದಿನದಲ್ಲಿ ಕಲಿತಳು. ನಾನು ಎರಡು ಕಡೆ ವಿಚಾರಿಸಿ, ಹಾಳೆಯನ್ನು ತಿದ್ದಿ ಕೊಟ್ಟೆ. ಅಭ್ಯಾಸಕ್ಕೆ ತಂದೆಯೇ ಎದುರು ಕೂತರು. ಅವರು ಅಭ್ಯಾಸಬಲದಿಂದ ಮುಖ ನೋಡಿದಾಗಲೆಲ್ಲ ಅವಳು "ಎಲೆ ನೋಡ್ರಿ ಅಪ್ಪಾಜಿ" ಎನ್ನುತ್ತಿದ್ದಳು.

ಮುಂದಿನ ಭಾನುವಾರ ಮಧ್ಯಾಹ್ನ ಅಳಿಯ ಬಂದ. ಮಗಳು ಹೇಳಿಕಳಿಸಿದ್ದರಿಂದ ನಾನೂ ಅಲ್ಲಿದ್ದೆ. ಮಾವ ಮಗಳಿಗೆ ಹೋಗು ಎಂದಿದ್ದಾರೆ, ಹೆಂಡತಿಯನ್ನು ಕರೆದುಕೊಂಡು ಹೋಗಬಹುದು ಎಂದುಕೊಂಡೇ ಬಂದಿದ್ದ. ಊಟವಾಯಿತು. ಅವಳು ಪಡಸಾಲೆಯಲ್ಲಿ ಚಾಪೆ ಹಾಸಿ ಇಸ್ಪೀಟ್ ಕಟ್ಟು ತಂದಿಟ್ಟಳು. ಹಗ್ಗದ ಮೇಲಿದ್ದ ತಂದೆಯ ಟವೆಲ್ ತೆಗೆದು ತಲೆಯ ಮೇಲಿಂದ ಗಲ್ಲದವರೆಗೆ ಇಳಿಬಿಟ್ಟುಕೊಂಡಳು. ತೆಳು ಬಟ್ಟೆ, ಒಳಗಿನಿಂದ ಅವಳಿಗೆ ಎಲೆ ಕಾಣುತ್ತಿತ್ತು, ಹೊರಗಿನವರಿಗೆ ಮುಖ ಕಾಣುತ್ತಿರಲಿಲ್ಲ.

"ಇದೇನೇ ಮುಸುಕು?"

"ನಾನು ಹಂಚ್ತೀನಿ. ಆಡ್ರಿ. ಗೋವಾದಾಗೆ ಆಡ್ದಂಗೇ."

ಅವನು ಮಾವನ ಕಡೆ ನೋಡಿದ. ಮಾವ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು. ನನ್ನ ಕಡೆ ನೋಡಿದ. ನಕ್ಕು, ಚಕ್ಕಂಬಕ್ಕಳ ಹಾಕಿ ಕೂತ. ಆರು ಕೈ ಆಡಿದರು. ಎರಡು ಗೆದ್ದ, ನಾಲ್ಕು ಸೋತ. ಏಳನೆಯದರಲ್ಲಿ ಅವನ ಬಳಿ ಹದಿನೈದಿತ್ತು, ಅವಳ ಮುಂದೆ ಎಂಟು. ಎಲೆ ಕೇಳಲೋ ಬೇಡವೋ ಎಂದು ಅವನು ಬಹಳ ಹೊತ್ತು ಕೂತ. ಟವೆಲಿನ ಕಡೆ ಎರಡು ಮೂರು ಸಲ ಬಗ್ಗಿ ನೋಡಿದ.

"ಮುಸುಕು ತೆಗಿ ಮಾರಾಯ್ತಿ. ಮುಖ ನೋಡ್ದೆ ಹೆಂಗೆ ಆಡೋದು?"

"ಮುಖದಾಗೆ ಏನೈತ್ರಿ?" ಟವೆಲ್ ಒಳಗಿಂದ ಅವಳ ದನಿ ಬಂತು. "ನನ್ ಮುಂದೆ ಎಂಟೈತೆ, ಅದು ನಿಮ್ಗೂ ಕಾಣ್ತೈತೆ. ಇನ್ನೊಂದು ಕಟ್ಟಿನಾಗೈತೆ, ಅದು ನನ್ಗೂ ಗೊತ್ತಿಲ್ಲ. ಹದಿನಾರು ಇರೋತಂಕ ನಾನು ತೆಗೀಲೇಬೇಕು, ಹದಿನೇಳಾದ್ರೆ ನಿಲ್ಲಲೇಬೇಕು. ಬ್ಯಾಡ ಅನ್ನಾಕೂ ನನ್ಗೆ ಬರಂಗಿಲ್ಲ. ಏನ್ ಓದ್ತೀರಿ ನನ್ ಮುಖದಾಗೆ?"

ಅವನು ಕೈಯಲ್ಲಿದ್ದ ಎರಡು ಎಲೆಗಳನ್ನು ಒಂದರ ಮೇಲೊಂದು ಇಟ್ಟ.

"ಹಂಗಾರೆ ಇದ್ರಾಗೆ ನಾನು ಮಾಡೋದೇನೈತೆ?"

"ಅದ್ನೇ ನಾನೂ ಕೇಳ್ತಾ ಇರೋದು."

ಆಟ ಅಲ್ಲಿಗೆ ನಿಂತಿತು. ಅವಳು ಟವೆಲ್ ತೆಗೆದು ಮಡಚಿ ತಂದೆಯ ಪಕ್ಕ ಇಟ್ಟಳು. ಆ ಕಾರ್ಯದ ದಿನದ ಬಗ್ಗೆ ಅವನು ಮೊದಲ ಸಲ ಬಾಯಿ ಬಿಟ್ಟದ್ದು ಆಗ. "ಇನ್ನೇನು ಏಳ್ಬೇಕು, ಎಲೆ ಹಂಚೋ ಹುಡ್ಗಿ ನನ್ ಕಡೆ ನೋಡಿ ತಲೆ ಅಲ್ಲಾಡಿಸ್ದಂಗೆ ಆತು. ಕೂತ್ಕ ಅಂದಂಗೆ" ಎಂದ. ಮಾವ ಅಡಿಕೆ ಹೋಳನ್ನು ಅವನ ಮುಂದೆ ಚಾಚಿದರು. "ನನ್ಗೂ ಹಂಗೇ ಆತು ಅಳಿಯಂದ್ರೆ" ಎಂದರು. ಅಂದು ಸಂಜೆ ಅಳಿಯ ಒಬ್ಬನೇ ಚನ್ನಗಿರಿಗೆ ಹೋದ.

ಎಂಟು ದಿನದ ಮೇಲೆ ಮಗಳು ಬೆಳಗಿನ ಬಸ್ಸಿಗೆ ಹೊರಟಳು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ತಂದೆಯೂ ಜೊತೆಗೆ ಬಂದಿದ್ದರು. ನಾನು ಕಚೇರಿಯಿಂದ ಇಳಿದು ಬಂದೆ. ಅವರು ಚೀಲವನ್ನು ಸಾಸ್ವೆಹಳ್ಳಿ ಮೇಲೆ ಹೋಗುವ ಬಸ್ಸಿಗೆ ಏರಿಸಿದರು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ.

"ನಾನೇ ಹೊಂಟಿರೋದು ಅಪ್ಪಾಜಿ. ನೀವು ಹೇಳಿದ್ದಕ್ಕಲ್ಲ" ಎಂದಳು ಅವಳು ಕಿಟಕಿಯಿಂದ.

"ಹ್ಞೂಂ" ಎಂದರು.

ಆಮೇಲೆ ಅವರು ಸಂತೆಯಲ್ಲಿ ಕೆಲಸ ಮುಂದುವರಿಸಿದರು. ಟ್ರ್ಯಾಕ್ಟರುಗಳು ಬಂದು ಎತ್ತಿನ ವ್ಯಾಪಾರ ಕಡಿಮೆಯಾಗಿತ್ತು. ಸೀಮೆ ಹಸುಗಳನ್ನು ಜನ ಫೋನಿನ ಫೋಟೊ ನೋಡಿ ಕೊಳ್ಳುತ್ತಿದ್ದರು. ನಾನು ಗಮನಿಸಿದ ಒಂದು ಬದಲಾವಣೆ ಎಂದರೆ, ಟವೆಲ್ ಕೆಳಗೆ ಬೆರಳು ಹಿಡಿದಾಗ ಅವರು ಎದುರಿನವನ ಮುಖ ನೋಡುವುದನ್ನು ಬಿಟ್ಟರು. ಕಟ್ಟಿಹಾಕಿದ ದನದ ಕಡೆ ನೋಡುತ್ತಿದ್ದರು. ಅದರಿಂದ ವ್ಯಾಪಾರ ಹೆಚ್ಚಿದ್ದೂ ಇಲ್ಲ, ಕಡಿಮೆಯಾದದ್ದೂ ಇಲ್ಲ.

ಯುಗಾದಿಗೆ ಜಗಲಿಯವರು ಕರೆದರೆ "ನನ್ ಕೋಟಾ ಮುಗೀತು" ಎನ್ನುತ್ತಿದ್ದರು. ಆದರೆ ಆಟವನ್ನು ಅವರು ಪೂರ್ತಿ ಬಿಟ್ಟಿದ್ದರು ಎಂದು ಬರೆದರೆ ಅದು ನಿಜವಾಗುವುದಿಲ್ಲ. ತೀರಿಕೊಳ್ಳುವ ಹಿಂದಿನ ಮಳೆಗಾಲದಲ್ಲಿ ಒಂದು ದಿನ ಕಚೇರಿಯಲ್ಲಿ ಚಹಾ ಕುಡಿಯುತ್ತಿದ್ದಾಗ, ಬೇರೇನೋ ಮಾತಿನ ನಡುವೆ ಕೇಳಿದರು.

"ಸಾಹೇಬ್ರೆ, ಆ ಹುಡ್ಗಿ ಒಂದ್ಸಲ ತುಟಿ ಕಚ್ಚಿದ್ಲು. ಆಮ್ಯಾಲೆ ಬಂದ ಎಲೆ ಗುಲಾಮ. ಅದು ಸುಮ್ನೆ ಕಚ್ಚಿದ್ದಾ?"

"ಸುಮ್ನೆ ಯಜಮಾನ್ರೇ. ಅವಳಿಗೂ ಗೊತ್ತಿರಲ್ಲ."

"ಹೌದೌದು. ಗೊತ್ತಿರಲ್ಲ" ಎಂದರು. ಲೋಟ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಕೂತಿದ್ದರು. "ಆದ್ರೂ ಕಚ್ಚಿದ್ಲು" ಎಂದು ಎದ್ದು ಹೋದರು.

ಅವರ ಹನ್ನೊಂದನೆಯ ದಿನದ ಕಾರ್ಯಕ್ಕೆ ಅಳಿಯ ಹಿಂದಿನ ದಿನವೇ ಬಂದಿದ್ದ. ಪಂಕ್ತಿಗೆ ನೀರು ಬಡಿಸಿದ. ನಾನು ಹೊರಡುವವರೆಗೂ ಅಲ್ಲೇ ಇದ್ದ.

ಏಪ್ರಿಲ್‌ನಲ್ಲಿ ಬೇರೊಂದು ವರದಿಗೆಂದು ಚನ್ನಗಿರಿಗೆ ಹೋಗಿದ್ದಾಗ ಅವರ ಮಗಳನ್ನು ಭೇಟಿ ಮಾಡಿದೆ. ಈ ಬರಹದ ವಿಷಯ ಹೇಳಿ, ಬರೆಯಬಹುದೇ ಎಂದು ಕೇಳಿದೆ. ಹೆಸರು ಬೇಡ ಎಂದಳು. ಗಂಡ ಮತ್ತೆ ಗೋವಾಕ್ಕೆ ಹೋಗಿದ್ದನೇ ಎಂದು ಕೇಳಿದೆ.

"ನಾನು ವಾಪಸು ಬಂದ ಮೇಲೆ ಎರಡು ಸಲ. ಮೊದಲ್ನೇ ಸಲ ಎರಡು ದಿನ ಫೋನೇ ಇಲ್ಲ. ನಾನು ನ್ಯಾಮತಿಗೆ ಹೋಗಿ ಒಂದು ತಿಂಗಳು ಇದ್ದು ಬಂದೆ. ಅಪ್ಪಾಜಿ ಏನೂ ಕೇಳ್ಲಿಲ್ಲ. ಎರಡನೇ ಸಲ ಈ ಮಾರ್ಚ್‌ನಾಗೆ, ಹೇಳೇ ಹೋಗಿದ್ರು. ಮಧ್ಯಾಹ್ನ ಎರಡು ಗಂಟೆಗೆ ಅವ್ರೇ ಫೋನ್ ಮಾಡಿದ್ರು. ಎದ್ದು ದಡಕ್ಕೆ ಬಂದೀನಿ, ಊಟ ಮಾಡ್ತಾ ಐದೀನಿ ಅಂದ್ರು. ಮಾರನೇ ದಿನ ಬೆಳಿಗ್ಗೆ ಮನೆಯಾಗಿದ್ರು."

ನ್ಯಾಮತಿಯಲ್ಲಿರುವ ತಂದೆಯ ಮನೆಯನ್ನು ಬಾಡಿಗೆಗೆ ಕೇಳಿಕೊಂಡು ಇಬ್ಬರು ಬಂದಿದ್ದರು. ಇಬ್ಬರಿಗೂ ಅವಳು ಕೊಟ್ಟಿಲ್ಲ. ಬೀಗದ ಕೈ ಮಗಳ ಬಳಿ ಇದೆ.